90 ಎಸೆತಗಳ ಮೇಲೆ ಕಟ್ಟಿದ ಆಸೆ: ಆರ್ಚ್ ಮ್ಯಾನಿಂಗ್ ಮತ್ತು ಟೆಕ್ಸಸ್ ಅಭಿಮಾನಿಗಳು

2025ರ ಸೆಪ್ಟೆಂಬರ್ 13. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಕ್ರೀಡಾಂಗಣ. ಒಂದು ಲಕ್ಷ ಜನ ಕೂರುವ ಜಾಗ ಅದು. ಆಟ ಅಮೆರಿಕನ್ ಫುಟ್‌ಬಾಲ್. ಎದುರಿಗಿದ್ದದ್ದು ಎಲ್ ಪಾಸೊ ಊರಿನ ಯುಟೆಪ್ ತಂಡ, ಅಂಥ ಬಲಿಷ್ಠ ತಂಡವೇನೂ ಅಲ್ಲ. ಆದರೂ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ಆಟ ನಡೆಸುವವನು, ಆರ್ಚ್ ಮ್ಯಾನಿಂಗ್ ಎಸೆದ ಪಾಸ್‌ಗಳು ಒಂದಾದ ಮೇಲೊಂದು ಗುರಿ ತಪ್ಪಿದವು. ಸತತ ಹತ್ತು ಪಾಸ್ ಅವನ ತಂಡದ ಯಾರ ಕೈಗೂ ಸಿಗಲಿಲ್ಲ. ಆಗ ಗ್ಯಾಲರಿಯಿಂದ 'ಬೂ' ಅನ್ನುವ ಕೂಗು ಎದ್ದಿತು. ಕೂಗಿದವರು ಎದುರಾಳಿ ಕಡೆಯವರಲ್ಲ, ತವರಿನ ಅಭಿಮಾನಿಗಳೇ.

ಬರೀ ಒಂದು ತಿಂಗಳ ಹಿಂದೆ ಇದೇ ಜನ ಇದೇ ಹುಡುಗನ ಹೆಸರು ಹೇಳಿ ಕುಣಿಯುತ್ತಿದ್ದರು. ಸೀಸನ್ ಶುರುವಾಗುವ ಮುಂಚೆ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಹೊರಡಿಸುವ 25 ಬಲಿಷ್ಠ ಕಾಲೇಜು ತಂಡಗಳ ಪಟ್ಟಿಯಲ್ಲಿ ಟೆಕ್ಸಸ್ ಮೊದಲ ಸ್ಥಾನದಲ್ಲಿತ್ತು. ಆ ಪಟ್ಟಿಯಲ್ಲಿ ಟೆಕ್ಸಸ್‌ಗೆ ಇಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಹೈಸ್ಮನ್ ಟ್ರೋಫಿ. ಅದು ಈ ಸಲ ಆರ್ಚ್‌ಗೇ ಅಂತ ಬಾಜಿ ಕಟ್ಟುವವರೂ ಅಂದುಕೊಂಡಿದ್ದರು.

ಒಂದು ತಿಂಗಳಲ್ಲಿ ಹುಡುಗ ಅಷ್ಟೊಂದು ಬದಲಾಗಿಬಿಟ್ಟನಾ? ಇಲ್ಲ. ನಾನು ಈ ಆಟವನ್ನು ತುಂಬ ಪ್ರೀತಿಯಿಂದ ನೋಡುವವನು. ನನಗೆ ಅನಿಸುವುದು ಇಷ್ಟು: ಆಗಸ್ಟ್‌ನ ಆಸೆಯೂ ಸೆಪ್ಟೆಂಬರ್‌ನ ಅನುಮಾನವೂ ಅವನ ಆಟದಿಂದ ಹುಟ್ಟಿದ್ದಲ್ಲ. ನಿಜವಾಗಿ ಅಳೆಯುವಷ್ಟು ಆಟವನ್ನು ಅವನು ಆಗಿನ್ನೂ ಆಡಿರಲೇ ಇಲ್ಲ. ಅವನ ಆಟ ನಮ್ಮ ಕಣ್ಣ ಮುಂದೆ ಬಂದದ್ದು ಆಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಷ್ಟು ಹೊತ್ತಿಗೆ ಅರ್ಧ ಜನ ತಮ್ಮ ತೀರ್ಪು ಕೊಟ್ಟಾಗಿತ್ತು.

ಮೊದಲು ಆ ಹೆಸರಿನ ವಿಷಯ. ಆರ್ಚ್‌ನ ತಾತ ಆರ್ಚಿ ಮ್ಯಾನಿಂಗ್. ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಅವರು ಎಷ್ಟು ದೊಡ್ಡ ಹೆಸರು ಅಂದರೆ, ಅವರ ಜೆರ್ಸಿ ಸಂಖ್ಯೆ 18 ಅಂತ ಕ್ಯಾಂಪಸ್‌ನೊಳಗೆ ವಾಹನಗಳ ವೇಗದ ಮಿತಿಯನ್ನೂ ಗಂಟೆಗೆ 18 ಮೈಲಿಗೆ ಇಟ್ಟಿದ್ದಾರೆ. 1971ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಅವರನ್ನು ಎರಡನೆಯವರಾಗಿ ಆರಿಸಿಕೊಂಡಿತು. ಅಲ್ಲಿ ಅವರು ವರ್ಷಗಟ್ಟಲೆ ದುರ್ಬಲ ತಂಡದ ಜೊತೆ ಒದ್ದಾಡಿದರು. ಅವರಿಗೆ ಮೂವರು ಗಂಡುಮಕ್ಕಳು. ನಡುವಿನವರು ಪೇಟನ್, 1998ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, ಎರಡು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದವರು. ಕಿರಿಯರು ಈಲೈ, 2004ರ ಮೊದಲ ಆಯ್ಕೆ, ಅವರಿಗೂ ಎರಡು ಸೂಪರ್ ಬೌಲ್. ಆ ಡ್ರಾಫ್ಟ್ ನಡೆದದ್ದು 2004ರ ಏಪ್ರಿಲ್ 24ರಂದು. ಮೂರೇ ದಿನದ ಮೇಲೆ, ಏಪ್ರಿಲ್ 27ರಂದು, ಆರ್ಚ್ ಹುಟ್ಟಿದ.

ಹಿರಿಯ ಮಗನ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಅವರು ಕೂಪರ್, ಆರ್ಚ್‌ನ ಅಪ್ಪ. ಒಳ್ಳೆಯ ರಿಸೀವರ್ ಆಗಿದ್ದರು, ಅಂದರೆ ಪಾಸ್ ಹಿಡಿಯುವ ಆಟಗಾರ. 18ನೇ ವಯಸ್ಸಿನಲ್ಲಿ ಬೆನ್ನುಹುರಿಯ ದಾರಿ ಕಿರಿದಾಗುವ ತೊಂದರೆ ಇರುವುದು ಗೊತ್ತಾಯಿತು. ಅವರ ಆಟ ಅಲ್ಲಿಗೇ ಮುಗಿಯಿತು. ಆ ಮನೆಯಲ್ಲಿ ಎರಡು ಪಾಠ ಇವೆ ಅನ್ನುವುದು ನನಗೆ ಮುಖ್ಯ ಅನಿಸುತ್ತದೆ. ಆಟ ಏನೆಲ್ಲ ಕೊಡಬಲ್ಲದು ಅಂತ ಇಬ್ಬರು ಚಿಕ್ಕಪ್ಪಂದಿರು ತೋರಿಸಿದರು. ಅದು ಎಷ್ಟು ಬೇಗ ಕೈಬಿಟ್ಟು ಹೋಗಬಹುದು ಅನ್ನುವುದು ಅಪ್ಪನ ಬದುಕಿನಲ್ಲಿದೆ. ಆರ್ಚ್ ಆತುರ ಪಡದೆ ನಡೆದ ದಾರಿಗೆ ಈ ಎರಡೂ ಕಾರಣ ಇರಬಹುದು.

ನ್ಯೂ ಆರ್ಲಿಯನ್ಸ್‌ನ ಇಸಿಡೋರ್ ನ್ಯೂಮನ್ ಶಾಲೆಯಲ್ಲಿ ಅವನು ಚಿಕ್ಕಪ್ಪಂದಿರ ಪಾಸಿಂಗ್ ದಾಖಲೆಗಳನ್ನೇ ಮುರಿದ. 2023ರಲ್ಲಿ ಕಾಲೇಜು ಸೇರಿದ ಹುಡುಗರ ಪಟ್ಟಿಯಲ್ಲಿ ಇಡೀ ದೇಶಕ್ಕೇ ಮೊದಲಿಗ ಅನಿಸಿಕೊಂಡ. ಎಲ್ಲ ದೊಡ್ಡ ಕಾಲೇಜುಗಳೂ ಅವನಿಗಾಗಿ ಕಾದಿದ್ದವು. ಅವನು ಟೆಕ್ಸಸ್ ಆರಿಸಿಕೊಂಡ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಗಲೇ ಕ್ವಿನ್ ಯೂವರ್ಸ್ ಇದ್ದರು. ಹಾಗಾಗಿ 2023ರಲ್ಲಿ ಎರಡು ಪಂದ್ಯಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಆಡಿದ. 2024ರಲ್ಲೂ ಎರಡನೆಯವನಾಗಿಯೇ ಕೂತ.

ಈಗ ಆ 90 ಎಸೆತಗಳಿಗೆ ಬರೋಣ. 2024ರ ಸೆಪ್ಟೆಂಬರ್ 14ರಂದು ಸ್ಯಾನ್ ಅಂಟೋನಿಯೊದ ಯುಟಿಎಸ್‌ಎ ತಂಡದ ಎದುರು ಯೂವರ್ಸ್ ಗಾಯಗೊಂಡರು. ಆರ್ಚ್ ಒಳಗೆ ಬಂದ. ಮೊದಲ ಪಾಸೇ ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. ಆಮೇಲೆ ಚೆಂಡು ಹಿಡಿದು 67 ಯಾರ್ಡ್ ಓಡಿ ಇನ್ನೊಂದು ಟಚ್‌ಡೌನ್. ಒಟ್ಟು ನಾಲ್ಕು ಟಚ್‌ಡೌನ್ ಪಾಸ್. ಟೆಕ್ಸಸ್ 56–7ರಿಂದ ಗೆದ್ದಿತು. ಮುಂದಿನ ಎರಡು ಪಂದ್ಯಗಳಲ್ಲಿ, ಲೂಸಿಯಾನ ಮನ್ರೋ ಮತ್ತು ಮಿಸಿಸಿಪ್ಪಿ ಸ್ಟೇಟ್ ಎದುರು, ಅವನೇ ಮೊದಲಿನಿಂದ ಆಡಿದ. ಎರಡನ್ನೂ ತಂಡ ಗೆದ್ದಿತು. ಆ ಇಡೀ ವರ್ಷ ಅವನು ಎಸೆದದ್ದು 90 ಪಾಸ್, ಗುರಿ ಸೇರಿದ್ದು 61. 939 ಯಾರ್ಡ್, ಒಂಬತ್ತು ಟಚ್‌ಡೌನ್, ಎದುರಾಳಿ ಕೈಗೆ ಹೋದದ್ದು ಎರಡು.

ಅಂಕಿಗಳು ಚೆನ್ನಾಗಿಯೇ ಇವೆ. ಆದರೆ ಯಾರ ಎದುರು ಬಂದವು? ಮೂರರಲ್ಲಿ ಯಾವುದೂ ಆ ವರ್ಷ ಗಟ್ಟಿ ತಂಡ ಅಲ್ಲ. ಮಿಸಿಸಿಪ್ಪಿ ಸ್ಟೇಟ್ ಆ ಸೀಸನ್‌ನಲ್ಲಿ 12 ಪಂದ್ಯ ಆಡಿ ಎರಡೇ ಗೆದ್ದಿತ್ತು. ಪೂರ್ತಿ ಸೀಸನ್ ಆಡುವ ಕ್ವಾರ್ಟರ್‌ಬ್ಯಾಕ್ ಸುಮಾರು 400 ಪಾಸ್ ಎಸೆಯುತ್ತಾನೆ. 90 ಪಾಸ್ ನೋಡಿ ಹೈಸ್ಮನ್ ಕೊಡಿಸುವುದು ಅಂದರೆ ಮೊದಲ ಮಳೆ ನೋಡಿ ಸುಗ್ಗಿಯ ಲೆಕ್ಕ ಹಾಕಿದ ಹಾಗೆ. ಫ್ಲೋರಿಡಾದ ಹಳೆಯ ಕೋಚ್ ಸ್ಟೀವ್ ಸ್ಪರಿಯರ್ 2025ರ ಬೇಸಿಗೆಯಲ್ಲಿ ನೇರವಾಗಿಯೇ ಕೇಳಿದರು: ಹುಡುಗ ಅಷ್ಟು ಒಳ್ಳೆಯವನಾದರೆ ಕಳೆದ ವರ್ಷವೆಲ್ಲ ಯೂವರ್ಸ್‌ನನ್ನೇ ಯಾಕೆ ಆಡಿಸಿದರು? ಟೆಕ್ಸಸ್‌ನವರಿಗೆ ಸಿಟ್ಟು ಬಂತು. ಆದರೆ ಆ ಪ್ರಶ್ನೆ ತಪ್ಪಲ್ಲ ಅಲ್ವಾ? ಯೂವರ್ಸ್ ಆಮೇಲೆ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಏಳನೇ, ಅಂದರೆ ಕೊನೆಯ ಸುತ್ತಿನಲ್ಲಿ. ಇನ್ನೊಂದು ಕಡೆಯೂ ಇದೆ. ಯೂವರ್ಸ್ ತಂಡವನ್ನು ಸತತ ಎರಡು ವರ್ಷ ಪ್ಲೇಆಫ್ ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದರು. ಅಂಥವರನ್ನು ಕೂರಿಸುವುದು ಯಾವ ಕೋಚ್‌ಗೂ ಸುಲಭವಲ್ಲ.

ಇಷ್ಟೊಂದು ಆಸೆ ಯಾಕೆ ಅಂತ ಕೇಳಿದರೆ, ಟೆಕ್ಸಸ್‌ನ ಹಸಿವನ್ನೂ ನೋಡಬೇಕು. ಅವರು ಕೊನೆಯ ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು 2005ರ ಸೀಸನ್‌ನಲ್ಲಿ. 2006ರ ಜನವರಿಯ ರೋಸ್ ಬೌಲ್‌ನಲ್ಲಿ ವಿನ್ಸ್ ಯಂಗ್ ಆಟದಿಂದ ಯುಎಸ್‌ಸಿ ತಂಡವನ್ನು 41–38ರಿಂದ ಸೋಲಿಸಿದ್ದರು. ಆಗ ಆರ್ಚ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಅಷ್ಟು ವರ್ಷದ ಬಾಯಾರಿಕೆಯನ್ನು ಒಬ್ಬ ಹುಡುಗನ ತಲೆಗೆ ಕಟ್ಟಿದರು.

ಈ ಆಟ ಜಾಸ್ತಿ ನೋಡದವರಿಗೆ ಕ್ವಾರ್ಟರ್‌ಬ್ಯಾಕ್ ಕೆಲಸ ಏನು ಅಂತ ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಒಂದು ಕಡೆಗೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೀಗೆ ಹೋಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಆ ಮೇಲೆ ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಎದುರಾಳಿಗಳು ಚೆಂಡು ಬರುವ ಮುಂಚೆ ಒಂದು ರೀತಿ ನಿಂತಿರುತ್ತಾರೆ, ಬಂದ ತಕ್ಷಣ ಬೇರೆ ರೀತಿ ಹರಡಿಕೊಳ್ಳುತ್ತಾರೆ. ಅದನ್ನು ಅವನು ಓದಬೇಕು. ಮೊದಲ ರಿಸೀವರ್ ಖಾಲಿ ಇದ್ದಾನಾ? ಇಲ್ಲದಿದ್ದರೆ ಎರಡನೆಯವನು? ಮೂರನೆಯವನು? ಇದರ ನಡುವೆ ನೂರಿಪ್ಪತ್ತು, ನೂರಮೂವತ್ತು ಕೆಜಿ ತೂಕದ ಆಳುಗಳು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ.

ಅವರನ್ನು ತಡೆಯುವುದು ಮುಂದೆ ನಿಂತ ಐದು ಜನ, ಅಫೆನ್ಸಿವ್ ಲೈನ್. ಟಿವಿಯಲ್ಲಿ ಇವರ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ. ಆದರೆ ಈ ಐದು ಜನ ಕೊಡುವ ಅರ್ಧ ಸೆಕೆಂಡಿನ ಮೇಲೆ ಉಳಿದದ್ದೆಲ್ಲ ನಿಂತಿದೆ. 2024ರಲ್ಲಿ ಟೆಕ್ಸಸ್‌ಗಿದ್ದ ಐವರಲ್ಲಿ ನಾಲ್ವರು 2025ಕ್ಕೆ ಹೊರಟುಹೋಗಿದ್ದರು. ಅವರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಎಷ್ಟು ಒಳ್ಳೆಯ ಆಟಗಾರ ಅಂದರೆ ಡ್ರಾಫ್ಟ್‌ನಲ್ಲಿ ಒಂಬತ್ತನೆಯವರಾಗಿ ಹೋದರು. ರಿಸೀವರ್ ಮ್ಯಾಥ್ಯೂ ಗೋಲ್ಡನ್ ಕೂಡ ಮೊದಲ ಸುತ್ತಿನಲ್ಲೇ ಹೋದರು. ಅಂದರೆ ಯೂವರ್ಸ್‌ಗೆ ಸಿಕ್ಕ ಮನೆ ಆರ್ಚ್‌ಗೆ ಸಿಗಲಿಲ್ಲ. ಬಾಗಿಲು, ಕಿಟಕಿ ಎಲ್ಲ ಹೊಸದು. ಆಗಸ್ಟ್‌ನಲ್ಲಿ ಪಟ್ಟಿ ಮಾಡಿದವರಿಗೂ ಬಾಜಿ ಕಟ್ಟಿದವರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಹೆಸರು ನೋಡಿ ನಂಬಿದರು.

ಆಗಸ್ಟ್ 30ರ ಮೊದಲ ಪಂದ್ಯವೇ ಹಾಲಿ ಚಾಂಪಿಯನ್ ಒಹಾಯೊ ಸ್ಟೇಟ್ ಎದುರು, ಅದೂ ಅವರ ಊರು ಕೊಲಂಬಸ್‌ನಲ್ಲಿ. ನಮ್ಮಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ಟೆಕ್ಸಸ್ 14–7ರಿಂದ ಸೋತಿತು. ಆರ್ಚ್ 30ರಲ್ಲಿ 17 ಪಾಸ್ ಮುಟ್ಟಿಸಿದ, 170 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಕೈಗೆ ಹೋದ ಪಾಸ್. ಆ ಟಚ್‌ಡೌನ್ ಕೂಡ ಕೊನೆಯ ಕೆಲವೇ ನಿಮಿಷಗಳಲ್ಲಿ ಬಂದದ್ದು.

ಆ ರಾತ್ರಿ ನನಗೆ ಬೇಸರ ತಂದದ್ದು ಸೋಲಲ್ಲ, ಅವನ ಕಾಲು. ಎಸೆತ ಕೈಯಿಂದ ಬರುತ್ತದೆ ಅಂತ ನಮಗೆ ಅನಿಸುತ್ತದೆ. ನಿಜವಾಗಿ ಅದು ಶುರುವಾಗುವುದು ಪಾದದಿಂದ. ಹಿಂದಿನ ಕಾಲು ಊರಿ, ಮುಂದಿನ ಕಾಲನ್ನು ಗುರಿಯ ಕಡೆಗೆ ಇಟ್ಟು, ಸೊಂಟ ತಿರುಗಿ, ಆಮೇಲೆ ಭುಜ. ಒತ್ತಡ ಬಂದಾಗ ಆರ್ಚ್ ಕಾಲು ಊರುತ್ತಲೇ ಇರಲಿಲ್ಲ. ಹಿಂದಕ್ಕೆ ವಾಲಿಕೊಂಡು, ಕೈಯನ್ನು ಪಕ್ಕದಿಂದ ಬೀಸಿ ಎಸೆಯುತ್ತಿದ್ದ. ಹತ್ತು ಯಾರ್ಡ್ ದೂರದಲ್ಲಿ ಖಾಲಿ ನಿಂತವನ ಕಾಲಬುಡಕ್ಕೆ ಚೆಂಡು ಬೀಳುತ್ತಿತ್ತು. ಯುಟೆಪ್ ಎದುರು ಕಂಡದ್ದೂ ಅದೇ. 25ರಲ್ಲಿ 11 ಪಾಸ್ ಮಾತ್ರ. ಎಸೆಯುವಾಗ ಮುಖ ಕಿವುಚುತ್ತಾನೆ, ಭುಜಕ್ಕೆ ಏನೋ ಆಗಿದೆ ಅನ್ನುವ ಗುಸುಗುಸು ಹಬ್ಬಿತು. ಕೋಚ್ ಸ್ಟೀವ್ ಸಾರ್ಕಿಸಿಯನ್ ಅದೇನೂ ಇಲ್ಲ ಅಂದರು. ಒಂದು ವಾರದ ನಂತರ ಸ್ಯಾಮ್ ಹ್ಯೂಸ್ಟನ್ ಎದುರು 309 ಯಾರ್ಡ್, ಮೂರು ಟಚ್‌ಡೌನ್ ಪಾಸ್, ಓಡಿ ಇನ್ನೆರಡು. ಆದರೆ ಅದು ಸಣ್ಣ ತಂಡ, ಹಾಗಾಗಿ ಯಾರೂ ಸಮಾಧಾನ ಪಡಲಿಲ್ಲ.

ಅಕ್ಟೋಬರ್ 4ರಂದು ಫ್ಲೋರಿಡಾದಲ್ಲಿ 29–21ರ ಸೋಲು. ಹೊಸ ಲೈನ್ ಒಡೆದುಹೋಗಿ, ಆರ್ಚ್ ಆರು ಬಾರಿ ಚೆಂಡಿನ ಸಮೇತ ನೆಲಕ್ಕೆ ಬಿದ್ದ. ಆಗಸ್ಟ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ 25ರ ಪಟ್ಟಿಯಿಂದಲೇ ಹೊರಗೆ ಹೋಯಿತು. ಅವನು ಬರೀ ಜಾಹೀರಾತಿನ ಸೃಷ್ಟಿ, ಚಿಕ್ಕಪ್ಪಂದಿರ ಹೆಸರಿನಲ್ಲಿ ಬೆಳೆದವನು ಅನ್ನುವ ಮಾತು ಜೋರಾದದ್ದು ಆ ವಾರವೇ.

ಇಲ್ಲಿಂದ ಮುಂದೆ ಆದದ್ದೇ ನನಗೆ ಈ ಕಥೆಯ ಅಸಲು ಭಾಗ. ಮುಂದಿನ ಶನಿವಾರ ಡಲ್ಲಸ್‌ನಲ್ಲಿ ಹಳೆಯ ವೈರಿ ಒಕ್ಲಹೋಮ ಎದುರು 23–6ರ ಗೆಲುವು. ಆರ್ಚ್ ಅಂದು ಸಣ್ಣ ಸಣ್ಣ ಪಾಸ್ ಎಸೆದ, ತಪ್ಪು ಮಾಡಲಿಲ್ಲ. ಆಮೇಲೆ ಕೆಂಟಕಿ ಎದುರು ಮತ್ತೆ ಕುಸಿತ. ಹೆಚ್ಚುವರಿ ಸಮಯದಲ್ಲಿ 16–13ರಿಂದ ಹೇಗೋ ಗೆದ್ದರು, ಅವನು ಗಳಿಸಿದ್ದು ಬರೀ 132 ಯಾರ್ಡ್. ಮಿಸಿಸಿಪ್ಪಿ ಸ್ಟೇಟ್ ಎದುರು ನಾಲ್ಕನೇ ಕ್ವಾರ್ಟರ್‌ನಲ್ಲಿ 17 ಅಂಕ ಹಿಂದಿದ್ದರು. ಅಲ್ಲಿಂದ ಅವನು ತಂಡವನ್ನು ಎಳೆದು ತಂದ. 346 ಯಾರ್ಡ್, ಮೂರು ಟಚ್‌ಡೌನ್ ಪಾಸ್. ಹೆಚ್ಚುವರಿ ಸಮಯದಲ್ಲಿ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋಗಬೇಕಾಯಿತು. ಗೆಲುವಿನ ಪಾಸ್ ಎಸೆದದ್ದು ಅವನ ಜಾಗಕ್ಕೆ ಬಂದ ಮ್ಯಾಥ್ಯೂ ಕಾಲ್ಡ್‌ವೆಲ್. ಒಂದೇ ವಾರದಲ್ಲಿ ಆರ್ಚ್ ಮರಳಿ ಬಂದು ವ್ಯಾಂಡರ್‌ಬಿಲ್ಟ್ ಎದುರು 328 ಯಾರ್ಡ್ ಎಸೆದ. ಅರ್ಕನ್ಸಾ ಎದುರು ನಾಲ್ಕು ಟಚ್‌ಡೌನ್ ಎಸೆದ, ಒಂದಕ್ಕೆ ಓಡಿದ, ಒಂದನ್ನು ತಾನೇ ರಿಸೀವರ್ ಆಗಿ ಹಿಡಿದ. ನವೆಂಬರ್ 28ರಂದು ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಟೆಕ್ಸಸ್ ಎ ಅಂಡ್ ಎಂ ತಂಡವನ್ನು 27–17ರಿಂದ ಮಣಿಸಿದರು. ಕೊನೆಯ ಕ್ವಾರ್ಟರ್‌ನಲ್ಲಿ ಆರ್ಚ್ 35 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಸೆಪ್ಟೆಂಬರ್‌ನಲ್ಲಿ 'ಬೂ' ಅಂದ ಕ್ರೀಡಾಂಗಣ ಅದೇ.

ಬದಲಾದದ್ದು ಏನು? ಕೈಯ ಬಲ ಮೊದಲೂ ಇತ್ತು. ಬದಲಾದದ್ದು ಕಾಲು ಮತ್ತು ನಿರ್ಧಾರದ ವೇಗ. ಮೂರನೇ ರಿಸೀವರ್‌ಗಾಗಿ ಕಾಯುತ್ತಾ ನಿಲ್ಲುವ ಬದಲು, ಮೊದಲಿಬ್ಬರು ಇಲ್ಲ ಅಂತ ಕಂಡ ಕೂಡಲೇ ಚೆಂಡು ಹಿಡಿದು ಓಡುವುದನ್ನು ಕಲಿತ. ಸಾರ್ಕಿಸಿಯನ್ ಕೂಡ ಅವನಿಗೆ ಹೊಂದುವ ಆಟ ಕಟ್ಟಿದರು. ಬೇಗ ಕೈಬಿಡುವ ಪಾಸ್‌ಗಳು ಜಾಸ್ತಿಯಾದವು. ವ್ಯಾಂಡರ್‌ಬಿಲ್ಟ್ ಎದುರಿನ ಮೊದಲ ಆಟವೇ ಇದಕ್ಕೆ ಉದಾಹರಣೆ. ಪಕ್ಕದಲ್ಲೇ ಇದ್ದ ರಯಾನ್ ವಿಂಗೊಗೆ ಸಣ್ಣ ಪಾಸ್ ಕೊಟ್ಟ, ವಿಂಗೊ 75 ಯಾರ್ಡ್ ಓಡಿಬಿಟ್ಟರು. ಲೈನ್ ದುರ್ಬಲ ಇದ್ದಾಗ ಚೆಂಡನ್ನು ಬೇಗ ಬಿಡಬೇಕು. ಇದು ಕೇಳಲು ಸುಲಭ. 21 ವರ್ಷದ ಹುಡುಗ ನಡು ಸೀಸನ್‌ನಲ್ಲಿ, ಎಲ್ಲರೂ ಬೈಯುತ್ತಿರುವಾಗ ಇದನ್ನು ಕಲಿಯುವುದು ಸುಲಭವಲ್ಲ.

ಮೂರು ಸೋಲುಗಳಿಂದಾಗಿ 12 ತಂಡಗಳ ಪ್ಲೇಆಫ್‌ಗೆ ಟೆಕ್ಸಸ್ ಸೇರಲಿಲ್ಲ. ಡಿಸೆಂಬರ್ 31ರಂದು ಸಿಟ್ರಸ್ ಬೌಲ್‌ನಲ್ಲಿ ಮಿಶಿಗನ್ ತಂಡವನ್ನು 41–27ರಿಂದ ಸೋಲಿಸಿ ಸೀಸನ್ ಮುಗಿಸಿತು. ಅಂದು ಆರ್ಚ್ ಎರಡು ಟಚ್‌ಡೌನ್ ಎಸೆದ. ಓಡಿ ಗಳಿಸಿದ್ದೇ 150 ಯಾರ್ಡ್‌ಗಿಂತ ಜಾಸ್ತಿ. ಇಡೀ ಸೀಸನ್‌ನಲ್ಲಿ 3,000 ಯಾರ್ಡ್ ದಾಟಿದ, 26 ಟಚ್‌ಡೌನ್ ಪಾಸ್, 7 ಇಂಟರ್‌ಸೆಪ್ಷನ್. ಹೈಸ್ಮನ್ ಮಟ್ಟದ್ದಲ್ಲ. ಸೋತವನ ಅಂಕಿಗಳೂ ಅಲ್ಲ.

ಹಾಗಂತ ಅನುಮಾನಗಳನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜಾರ್ಜಿಯಾ ಎದುರು ನವೆಂಬರ್‌ನಲ್ಲಿ, ಅಂದರೆ ಅವನು ಸುಧಾರಿಸಿದ ಮೇಲೆಯೇ, 35–10ರ ಸೋಲು ಬಂತು. ಸೋತ ಮೂರೂ ಪಂದ್ಯ ಬೇರೆಯವರ ಅಂಗಳದಲ್ಲಿ. ಅವನ ಅತ್ಯುತ್ತಮ ಅಂಕಿಗಳು ಬಂದದ್ದು ಮಿಸಿಸಿಪ್ಪಿ ಸ್ಟೇಟ್, ಅರ್ಕನ್ಸಾ ಥರದ ತಂಡಗಳ ಎದುರು. ಎ ಅಂಡ್ ಎಂ ಎದುರಿನ ಗೆಲುವಿನಲ್ಲೂ ಪಾಸ್‌ಗಿಂತ ಅವನ ಓಟವೇ ನೆನಪಿನಲ್ಲಿ ಉಳಿಯಿತು. ಗಟ್ಟಿ ಡಿಫೆನ್ಸ್ ಎದುರು, ಹೊರಗಿನ ಊರಿನಲ್ಲಿ, ಪಾಸ್ ಎಸೆದೇ ಗೆಲ್ಲಿಸುತ್ತಾನಾ? ಇದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಗಟ್ಟಿಯಾದ ಅನುಮಾನ ಇದೊಂದೇ. ಹೆಸರಿನ ಬಲದಿಂದ ಬಂದವನು ಅನ್ನುವುದು ಅನುಮಾನವೂ ಅಲ್ಲ, ಅವನ ಆಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಚಿಕ್ಕಪ್ಪನ ಹೆಸರು ತೆಗೆಯುವವರು ಚಿಕ್ಕಪ್ಪನ ಮೊದಲ ವರ್ಷಗಳನ್ನು ಮರೆತಿದ್ದಾರೆ. ಪೇಟನ್ ಟೆನೆಸ್ಸಿಯಲ್ಲಿ 1994ರಲ್ಲಿ ಆಡಲು ಶುರು ಮಾಡಿದ್ದೇ ಮುಂದಿದ್ದವರಿಗೆ ಗಾಯವಾಗಿದ್ದರಿಂದ. ಎನ್‌ಎಫ್‌ಎಲ್‌ಗೆ ಹೋದ ಮೊದಲ ವರ್ಷ 28 ಪಾಸ್ ಎದುರಾಳಿಗಳ ಕೈಗೆ ಹೋದವು. ತಂಡ 16ರಲ್ಲಿ 13 ಪಂದ್ಯ ಸೋತಿತು. ಆದರೂ ಅವರನ್ನು ಆಡಿಸುತ್ತಲೇ ಹೋದರು. ಆ ಕಾಲದಲ್ಲಿ ಕಲಿಯಲು ಸಮಯ ಸಿಗುತ್ತಿತ್ತು.

ಈಗ ಕಾಲೇಜಿನಲ್ಲೇ ಸಮಯ ಸಿಗುವುದಿಲ್ಲ. ಇದಕ್ಕೆ ದುಡ್ಡು ದೊಡ್ಡ ಕಾರಣ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಆಟಗಾರರಿಗೆ ಇದು ನ್ಯಾಯವೇ. ದಶಕಗಳ ಕಾಲ ಅವರ ಬೆವರಿನಿಂದ ಬೇರೆಯವರು ದುಡ್ಡು ಮಾಡಿದ್ದರು. ಆದರೆ ಸಂಬಳ ಬಂದ ಕೂಡಲೇ ಅಭಿಮಾನಿಯ ಮನಸ್ಸು ಬದಲಾಯಿತು. ವಿದ್ಯಾರ್ಥಿ ಅಂತ ನೋಡುತ್ತಿದ್ದವರು ಕೊಟ್ಟ ದುಡ್ಡಿಗೆ ಕೆಲಸ ಎಲ್ಲಿ ಅಂತ ಕೇಳಲು ಶುರು ಮಾಡಿದರು. ಒಂದೂ ಸೀಸನ್ ಪೂರ್ತಿ ಆಡುವ ಮುಂಚೆಯೇ ಆರ್ಚ್ ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿದ್ದ. 2023ರಲ್ಲಿ ಅವನ ಸಹಿ ಇರುವ ಒಂದೇ ಒಂದು ಕಾರ್ಡ್ 1,02,500 ಡಾಲರ್‌ಗೆ ಹರಾಜಾಗಿತ್ತು. ಆ ದುಡ್ಡು ದಾನಕ್ಕೆ ಹೋಯಿತು. ಜನಕ್ಕೆ ನೆನಪಿರುವುದು ಬೆಲೆ ಮಾತ್ರ.

ಇನ್ನೊಂದು ಕಡೆ, ಆಟಗಾರರೂ ಕಾಯುವುದಿಲ್ಲ. ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕು ಅನ್ನುವ ಹಳೆಯ ನಿಯಮ ಹೋಗಿದೆ. ಆಡಲು ಅವಕಾಶ ಸಿಗದಿದ್ದರೆ, ದುಡ್ಡು ಕಡಿಮೆ ಅನಿಸಿದರೆ ಬೇರೆ ಕಡೆ ಹೋಗುತ್ತಾರೆ. ಅದು ತಪ್ಪು ಅಂತಲೂ ಹೇಳಲಾರೆ. 2025ರ ಹೈಸ್ಮನ್ ಗೆದ್ದ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾದಿಂದ ಇಂಡಿಯಾನಾಗೆ ಬಂದವರೇ. ಶಾಲೆ ಮುಗಿಸಿದಾಗ ಅವರನ್ನು ಹೆಚ್ಚಿನ ದೊಡ್ಡ ಕಾಲೇಜುಗಳು ಕೇಳಿಯೇ ಇರಲಿಲ್ಲ. ಆ ಇಂಡಿಯಾನಾ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಶಾಲೆಯ ಹುಡುಗರಿಗೆ ನಕ್ಷತ್ರ ಕೊಟ್ಟು ಪಟ್ಟಿ ಮಾಡುವುದನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಆರ್ಚ್ ಮಾತ್ರ ಎರಡು ವರ್ಷ ಬೆಂಚಿನ ಮೇಲೆ ಕೂತ. ಯಾವ ಕಾಲೇಜಿಗೆ ಹೋಗಿದ್ದರೂ ಮೊದಲ ದಿನವೇ ಆಡಿಸುತ್ತಿದ್ದರು. ಅವನು ಹೋಗಲಿಲ್ಲ. 2025 ಮುಗಿದ ಮೇಲೆ ಎನ್‌ಎಫ್‌ಎಲ್ ಡ್ರಾಫ್ಟ್‌ಗೂ ಹೋಗದೆ, ಇನ್ನೊಂದು ವರ್ಷ ಟೆಕ್ಸಸ್‌ನಲ್ಲೇ ಇರಲು ನಿರ್ಧರಿಸಿದ. ನನಗೆ ಅವನ ಮೇಲೆ ಭರವಸೆ ಇರುವುದು ಕೈಯ ಬಲಕ್ಕಾಗಲಿ ಮನೆತನಕ್ಕಾಗಲಿ ಅಲ್ಲ, ಇದಕ್ಕೆ. ಇನ್ನೂ ಕಲಿಯುವುದಿದೆ ಅಂತ ಅವನಿಗೇ ಗೊತ್ತಿದೆ. ಅವನ ಸುತ್ತ ಇರುವವರಲ್ಲಿ ಅದು ಕೆಲವರಿಗಷ್ಟೇ ಗೊತ್ತಿದೆ.

2026ರ ಸೆಪ್ಟೆಂಬರ್ 12ಕ್ಕೆ ಒಹಾಯೊ ಸ್ಟೇಟ್ ಆಸ್ಟಿನ್‌ಗೆ ಬರಬೇಕಿದೆ. ಆ ಪಂದ್ಯದಲ್ಲಿ ನಾನು ಅಂಕಪಟ್ಟಿಗಿಂತ ಮೊದಲು ಅವನ ಕಾಲು ನೋಡುತ್ತೇನೆ. ಮೂರನೇ ಅವಕಾಶ, ಇನ್ನೂ ಏಳೆಂಟು ಯಾರ್ಡ್ ಬೇಕು, ಎದುರಿನಿಂದ ಇಬ್ಬರು ನುಗ್ಗುತ್ತಿದ್ದಾರೆ. ಆಗ ಹಿಂದಿನ ಪಾದ ಊರುತ್ತಾನಾ, ವಾಲುತ್ತಾನಾ? ಮೊದಲ ಎರಡು ಪಾಸ್ ನೆಲಕ್ಕೆ ಬಿದ್ದರೆ ಆ ಒಂದು ಲಕ್ಷ ಜನ ಏನು ಮಾಡುತ್ತಾರೆ ಅನ್ನುವುದನ್ನೂ ಕಿವಿಗೊಟ್ಟು ಕೇಳುತ್ತೇನೆ.